ಮುನಿಯಪ್ಪನ ಈಟಿಗೆ ಬಿದ್ದ ಸೇನೆಯ ರಿಂಗು

ನನ್ನ ಮಾವನವರಿಗೆ ದೇಶದ ಮೇಲೆ ಬಹಳ ಪ್ರೀತಿ, ತೆರಿಗೆಯ ಮೇಲೆ ಬಹಳ ಸಿಟ್ಟು. ಈ ಎರಡಕ್ಕೂ ಏನಾದರೂ ಸಂಬಂಧ ಇರಬಹುದು ಎಂಬ ಅನುಮಾನ ಮಾತ್ರ ಅವರಿಗೆ ಎಂದೂ ಬಂದಿರಲಿಲ್ಲ. ತಿಂಗಳಿಗೊಮ್ಮೆ ನಾನು ವರ್ಕ್‌ಶಾಪಿನ ಜಿಎಸ್‌ಟಿ ಕಟ್ಟಲು ಕಂಪ್ಯೂಟರಿನ ಮುಂದೆ ಕೂತರೆ ಬೆನ್ನ ಹಿಂದೆ ಬಂದು ನಿಂತು, ಹೆತ್ತ ಮಗಳನ್ನು ದೂರದೂರಿಗೆ ಕಳಿಸುವವರ ಹಾಗೆ ಉಸಿರು ಬಿಡುತ್ತಿದ್ದರು. ಅದೇ ಮನುಷ್ಯ ಬಜೆಟ್ ದಿನ ಟಿವಿಯಲ್ಲಿ ರಕ್ಷಣೆಗೆ ಇಷ್ಟು ಲಕ್ಷ ಕೋಟಿ ಎಂದು ಹೇಳಿದ ಕೂಡಲೇ ಎದ್ದು ಕೂತು, "ಸಾಲ್ದು! ಇನ್ನೂ ಹಾಕ್ಬೇಕು!" ಎಂದು ಮೇಜು ಗುದ್ದುತ್ತಿದ್ದರು.

ನಮ್ಮದು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಒಂದು ಲೇತ್ ವರ್ಕ್‌ಶಾಪು. ಮುಂದೆ ಯಂತ್ರಗಳು, ಹಿಂದೆ ಮನೆ. ಪಂಪು, ಗ್ರೈಂಡರುಗಳಿಗೆ ಬೇಕಾದ ಬುಷ್ಷು, ರಿಂಗುಗಳನ್ನು ಕಡೆದು ಕೊಡುವುದು ಕೆಲಸ. ಗಂಡನ ಮನೆಯವರು ತಲೆತಲಾಂತರದಿಂದ ಈ ಕಡೆಯವರೇ. ಅವಿನಾಶಿಯ ಹತ್ತಿರ ಹೊಲ ಮಾಡಿಕೊಂಡಿದ್ದ ಕನ್ನಡದವರು. ನಾನು ದಾವಣಗೆರೆ ಕಡೆಯಿಂದ ಬಂದ ಸೊಸೆ. ಮನೆಯೊಳಗೆ ಎಲ್ಲರದೂ ತಮಿಳು ಬೆರೆತ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ನನ್ನೊಬ್ಬಳಿಗೇ ಬರುವುದು. ಅದಕ್ಕೇ ಇಷ್ಟು ಧೈರ್ಯವಾಗಿ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮಾವನವರ ಈ ಸೈನ್ಯದ ಹುಚ್ಚಿಗೆ ಕಾರಣ ಇತ್ತು. ಹುಡುಗರಾಗಿದ್ದಾಗ ಸೇನೆಗೆ ಸೇರಲು ಹೋಗಿದ್ದರಂತೆ. ಓಟದಲ್ಲಿ ಮುಂದಿದ್ದರು, ಹಗ್ಗ ಹತ್ತಿದರು, ಕೊನೆಗೆ ಎದೆಯ ಅಳತೆಯಲ್ಲಿ ಒಂದು ಬೆರಳಷ್ಟು ಕಮ್ಮಿ ಬಿತ್ತು. ವಾಪಸು ಬಂದವರು ಲೇತ್ ಕಲಿತರು. ಎಪ್ಪತ್ತರ ಹತ್ತಿರ ಬಂದರೂ ಆ ಮಾತು ಎತ್ತಿದರೆ ಸಾಕು, "ಅವರ ಟೇಪೇ ಸರಿ ಇರ್ಲಿಲ್ಲ" ಎನ್ನುತ್ತಿದ್ದರು. ಬೇರೆಯವರ ಅಳತೆ ಸಾಮಾನನ್ನು ಅವರು ಆಮೇಲೆ ಜನ್ಮದಲ್ಲಿ ನಂಬಲಿಲ್ಲ. ಮನೆಗೆ ಬಟ್ಟೆ ಹೊಲಿಯುವವನು ಬಂದರೂ ತಮ್ಮ ಟೇಪನ್ನೇ ಕೊಡುತ್ತಿದ್ದರು. ಫೋಟೋ ತೆಗೆಯುವಾಗ ಉಸಿರು ಎಳೆದು ನಿಲ್ಲುತ್ತಿದ್ದರು; ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರು ಒಂದು ಚಿತ್ರದಲ್ಲೂ ಉಸಿರಾಡುತ್ತಿಲ್ಲ.

ಅವರ ತಾಯಿ, ನನ್ನ ಗಂಡನ ಅಜ್ಜಿ, ಇವರಿಗೆ ಸರಿಯಾದ ಎದುರಾಳಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ತೊಂಬತ್ತರ ಅಂಚಿನ ಈ ಅಜ್ಜಿಯದೇ. ಒಂದು ಬಜೆಟ್ ದಿನ ಮಾವ ಮೇಜು ಗುದ್ದಿದ ಸದ್ದಿಗೆ ಅಜ್ಜಿ ಎಚ್ಚರಗೊಂಡು ಕೇಳಿದರು.

"ಅಷ್ಟು ದುಡ್ಡು ಯಾರ್ದು?"

"ಸರ್ಕಾರದ್ದು ಅವ್ವ."

"ಸರ್ಕಾರ ಎಲ್ಲಿ ಹೊಲ ಉಳ್ತದೆ?"

ಮಾವ ನನ್ನ ಕಡೆ ನೋಡಿದರು. ಬಿ.ಕಾಂ. ಓದಿದ ಸೊಸೆ ಇಂಥ ಹೊತ್ತಿಗೇ ಅಲ್ಲವೇ ಬೇಕಾಗುವುದು. ನಾನು ಹೇಳಿದೆ: ಅಜ್ಜಿ, ನೀವು ಹಚ್ಚುವ ಸೋಪು, ಹಾಕಿಕೊಳ್ಳುವ ಪೌಡರು, ಮೊಮ್ಮಗ ಬೈಕಿಗೆ ಹಾಕಿಸುವ ಪೆಟ್ರೋಲು, ಎಲ್ಲದರಲ್ಲೂ ಒಂದು ಪಾಲು ಸರ್ಕಾರಕ್ಕೆ ಹೋಗುತ್ತದೆ, ಸಂಬಳದವರು ಬೇರೆ ಕಟ್ಟುತ್ತಾರೆ, ನಮ್ಮಂಥ ವರ್ಕ್‌ಶಾಪಿನವರು ಬೇರೆ ಕಟ್ಟುತ್ತಾರೆ, ಎಲ್ಲ ಒಂದೇ ಚೀಲಕ್ಕೆ ಬಿದ್ದು, ಅದರಿಂದ ರಸ್ತೆಗಿಷ್ಟು, ಶಾಲೆಗಿಷ್ಟು, ಸೇನೆಗಿಷ್ಟು ಎಂದು ಹಂಚುತ್ತಾರೆ, ಸಾಲದ್ದಕ್ಕೆ ಸಾಲ ತರುತ್ತಾರೆ.

"ಕಾವಲು ಇಡಕ್ಕೆ ಸಾಲವಾ?" ಅಜ್ಜಿ ಗಲ್ಲಕ್ಕೆ ಕೈ ಇಟ್ಟರು. "ಆಮೇಲೆ ಸಾಲ ಕೊಟ್ಟೋನು ಬಂದ್ರೆ ಅವನ್ನ ತಡಿಯಕ್ಕೆ ಇನ್ನೊಬ್ಬ ಕಾವಲ್ಗಾರ ಬೇಕಲ್ಲ?"

ಸಾಲದ ಮಾತು ಹಿಡಿಸದಿದ್ದರೂ ಅಜ್ಜಿಗೆ ಸೋಪಿನ ವಿಷಯ ಮನಸ್ಸಿಗೆ ನಾಟಿತು. ಅಂದಿನಿಂದ ಅವರ ಸ್ನಾನ ಉದ್ದವಾಯಿತು. ಸೋಪು ಇಷ್ಟು ಬೇಗ ಹೇಗೆ ಕರಗುತ್ತದೆ ಎಂದು ಮಾವ ಗೊಣಗಿದರೆ, "ಪಟ್ಟಾಳಕ್ಕೆ ಕಣೋ" ಎಂದು ಬಚ್ಚಲಿನಿಂದಲೇ ಉತ್ತರ ಬರುತ್ತಿತ್ತು. ಸೈನ್ಯಕ್ಕೆ ಇಲ್ಲಿ ಪಟ್ಟಾಳ ಎನ್ನುತ್ತಾರೆ.

ಒಂದೇ ಚೀಲ ಎಂದದ್ದು ಮಾವನವರಿಗೆ ಹಿಡಿಸಲಿಲ್ಲ. ತಾವು ಕಟ್ಟಿದ ಜಿಎಸ್‌ಟಿಯೆಲ್ಲ ಯಾವುದೋ ಕಚೇರಿಯ ಏಸಿಗೆ ಹೋಗುತ್ತದೆ, ಸೇನೆಗೆ ಹೋಗುವ ದುಡ್ಡು ಬೇರೆ ಎಲ್ಲಿಂದಲೋ ಪವಿತ್ರವಾಗಿ ಬರುತ್ತದೆ ಎಂದೇ ಅವರು ನಂಬಿದ್ದರು. ನಂಬಿಕೆ ಅಂದಮೇಲೆ ಕೆಣಕಬಾರದು.

ಇನ್ನು ಮುನಿಯಪ್ಪನ ವಿಷಯ ಹೇಳಬೇಕು. ಅವಿನಾಶಿ ಕಡೆ ನಮ್ಮದು ಅಂತ ಉಳಿದಿರುವ ಹೊಲದ ಅಂಚಿನಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಮುನಿಯಪ್ಪ. ಮೀಸೆ ತಿರುವಿ, ಕಣ್ಣು ಬಿಟ್ಟುಕೊಂಡು, ಪಕ್ಕದಲ್ಲಿ ಸಿಮೆಂಟಿನ ಕುದುರೆ ಕಟ್ಟಿಕೊಂಡು ಊರಿನ ಗಡಿ ಕಾಯುವ ದೇವರು. ಅವನ ಖರ್ಚಿಗೆ ದಾಯಾದಿ ಮನೆಗಳೆಲ್ಲ ವರ್ಷಕ್ಕೊಮ್ಮೆ ತಲೆಗಿಷ್ಟು ಎಂದು ವರಿ ಕೊಡಬೇಕು. ವರಿ ಎಂದರೆ ತೆರಿಗೆಯೇ. ಆ ಸಭೆಯಲ್ಲಿ ನಮ್ಮ ಮಾವ ವಿರೋಧ ಪಕ್ಷದ ನಾಯಕ. ಹೋದ ವರ್ಷದ ಸುಣ್ಣಕ್ಕೆ ಅಷ್ಟು ಯಾಕಾಯಿತು? ಕುದುರೆಗೆ ಮತ್ತೆ ಬಣ್ಣ ಯಾಕೆ, ಅದೇನು ಓಡುತ್ತದೆಯೇ? ಇಷ್ಟು ವರ್ಷದಲ್ಲಿ ಒಬ್ಬ ಕಳ್ಳನಾದರೂ ಬಂದಿದ್ದಾನೆಯೇ?

"ಕುದ್ರೆ ಇದ್ದದ್ಕೇ ಬರ್ಲಿಲ್ಲ ಅಣ್ಣಾ," ಎನ್ನುತ್ತಿದ್ದ ಪೂಜಾರಿ. ಆತ ಮಾವನಿಗೆ ದಾಯಾದಿ ತಮ್ಮ. ವಾರವೆಲ್ಲ ಮಿನಿ ಲಾರಿಯಲ್ಲಿ ಪವರ್‌ಲೂಮಿನ ಬಟ್ಟೆ ಸಾಗಿಸಿ, ಅಮಾವಾಸ್ಯೆಗೆ ಮುನಿಯಪ್ಪನ ಪೂಜೆ ಮಾಡುವವನು.

"ಮಾವ, ದೆಹಲಿಯವರಿಗೆ ಲೆಕ್ಕ ಕೇಳದೆ ಕೊಡಿ ಅಂತೀರಿ, ಮುನಿಯಪ್ಪನಿಗೆ ಮಾತ್ರ ಆಡಿಟ್ಟಾ?" ಎಂದು ನಾನೊಮ್ಮೆ ಕೇಳಿದೆ. "ಅದು ದೇಶ, ಇದು ಬೇವಿನ ಮರ" ಎಂದು ನನ್ನ ಬಾಯಿ ಮುಚ್ಚಿಸಿದರು.

ಆದರೂ ಒಂದು ಪದ್ಧತಿಯನ್ನು ಅವರೂ ಬಿಟ್ಟವರಲ್ಲ. ವರ್ಕ್‌ಶಾಪಿಗೆ ಹೊಸ ಆರ್ಡರ್ ಬಂದರೆ ಮೊದಲು ಕಡೆದ ಪೀಸು ಮುನಿಯಪ್ಪನಿಗೆ. ಅವನ ಕೈಯ ಈಟಿ ಅಂದರೆ ತುದಿ ಚೂಪು ಮಾಡಿದ ಒಂದು ಕಬ್ಬಿಣದ ಸಲಾಕೆ. ಪಂಪಿನ ರಿಂಗು, ಗ್ರೈಂಡರಿನ ಬುಷ್ಷು, ಏನೇ ಆಗಲಿ ಅದಕ್ಕೆ ಪೋಣಿಸಿ ತುದಿಗೆ ನಿಂಬೆಹಣ್ಣು ಚುಚ್ಚಿ ಬರುವುದು. ಸೀಮಂತದ ಹೆಂಗಸಿನ ಕೈಯ ಹಾಗೆ ಆ ಸಲಾಕೆಗೆ ಅರ್ಧದವರೆಗೂ ಬಳೆ. ಒಮ್ಮೆ ಬಿದ್ದದ್ದು ದೇವರದ್ದು; ತೆಗೆಯುವ ಹಾಗಿಲ್ಲ.

ಹೀಗಿರುವಾಗ ಒಂದು ದಿನ ಮಾವ ಉಕ್ಕಡದ ಮಾರ್ಕೆಟ್ಟಿನಿಂದ ಮೀನು ತರಲು ಹೋದವರು ಮೀನಿಲ್ಲದೆ, ಓಡೋಡಿ ಬಂದರು. ದಾರಿಯಲ್ಲಿ ಫೋನ್ ಬಂದಿತ್ತಂತೆ. ನಾವು ಕೆಲಸ ಮಾಡಿಕೊಡುತ್ತಿದ್ದ ಒಂದು ದೊಡ್ಡ ಕಾರ್ಖಾನೆಗೆ ಸೇನೆಯ ಆರ್ಡರ್ ಸಿಕ್ಕಿ, ಅದರಲ್ಲೊಂದು ರಿಂಗನ್ನು ಕಡೆಯುವ ಕೆಲಸ ನಮಗೆ ಬಂದಿತ್ತು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ರಿಂಗು. ಯಾವುದಕ್ಕೆ ಹಾಕುತ್ತಾರೆ ಎಂದು ಅವರು ಹೇಳಲಿಲ್ಲ, ನಾವು ಕೇಳುವ ಹಾಗೂ ಇರಲಿಲ್ಲ. ಕ್ಷಿಪಣಿಗೆ ಎಂದು ಮಾವ ತೀರ್ಮಾನ ಮಾಡಿದರು. "ಕ್ಯಾಂಪಿನ ನೀರಿನ ಮೋಟಾರಿಗೂ ಇರಬಹುದು" ಎಂದ ನನ್ನ ಗಂಡನ ಜೊತೆ ಎರಡು ದಿನ ಮಾತು ಬಿಟ್ಟರು.

ಈ ಕೆಲಸ ಚೆನ್ನಾಗಿ ಮಾಡಿದರೆ ಮುಂದೆಯೂ ಕೊಡುತ್ತಾರೆ, ಏನಾದರೂ ಎಡವಟ್ಟಾದರೆ ಇದೇ ಮೊದಲು ಇದೇ ಕೊನೆ ಎಂದು ಕಾರ್ಖಾನೆಯವರು ಹೇಳಿಯೇ ಕೊಟ್ಟಿದ್ದರು. ಲೋಹ ಅವರದೇ. ಪ್ರತಿ ರಿಂಗಿಗೂ ಒಂದು ನಂಬರು ಕೊರೆಯಬೇಕು. ಕೆಟ್ಟ ಪೀಸನ್ನೂ, ಕಡೆದಾಗ ಬೀಳುವ ಸುರುಳಿ ಚೂರುಗಳನ್ನೂ ತೂಗಿ ಚೀಲದಲ್ಲಿ ವಾಪಸು ಕೊಡಬೇಕು. ಮಾವ ವರ್ಕ್‌ಶಾಪಿಗೆ ಪರದೆ ಕಟ್ಟಿಸಿದರು. ಚಹಾ ತರುವವನು ಬಾಗಿಲಲ್ಲೇ ಲೋಟ ಇಟ್ಟು ಹೋಗಬೇಕಾಯಿತು. ಈ ಆರ್ಡರಿನ ಬಗ್ಗೆ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮಾತಾಡಬಾರದು ಎಂದು ಅಪ್ಪಣೆಯಾಯಿತು. ಅದನ್ನು ಅವರೇ ಬೀದಿಯ ಆ ತುದಿಗೆ ಕೇಳುವಷ್ಟು ಜೋರಾಗಿ ಹೇಳಿದರು.

ಮೊದಲನೆಯ ರಿಂಗನ್ನು ತಾವೇ ಕಡೆದರು. ಬೆಳಿಗ್ಗೆ ಸ್ನಾನ ಮಾಡಿ, ಶುಭ್ರ ಪಂಚೆ ಉಟ್ಟು, ಅಳತೆ ನೋಡುವಾಗ ತಮ್ಮ ಉಸಿರನ್ನೂ ಬಿಗಿಹಿಡಿದು. ನಾನು ಅವರನ್ನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ, ಆದರೆ ಅವತ್ತು ಆ ಮುಖ ನೋಡಿ, ಒಂದು ಬೆರಳಿನಷ್ಟು ಕಮ್ಮಿ ಬಿದ್ದದ್ದನ್ನು ಈಗ ತುಂಬುತ್ತಿದ್ದಾರೆ ಅನ್ನಿಸಿತು. ರಿಂಗಿಗೆ ಕುಂಕುಮವಿಟ್ಟು ದೇವರ ಗೂಡಿನಲ್ಲಿಟ್ಟರು. ನಾಳೆ ತೆಗೆದು ಉಳಿದವುಗಳ ಜೊತೆ ಸೇರಿಸಿದರಾಯಿತು ಎಂದುಕೊಂಡರು. ಮರುದಿನ ಕೆಲಸದ ಗಡಿಬಿಡಿಯಲ್ಲಿ ಮರೆತರು.

ಅದರ ಮರುದಿನ ಅಮಾವಾಸ್ಯೆ.

ರಿಂಗುಗಳೆಲ್ಲ ಮುಗಿದು, ನಾಳೆ ಪರೀಕ್ಷಕರು ಬಂದು ನೋಡಿ ಒಯ್ಯುತ್ತಾರೆ ಎನ್ನುವ ದಿನ ಬೆಳಿಗ್ಗೆ ನಾನು ನಂಬರಿನ ಪ್ರಕಾರ ಜೋಡಿಸುತ್ತಿದ್ದೆ. ಮೊಟ್ಟಮೊದಲನೆಯದೇ ಇಲ್ಲ. ಮಾವ ದೇವರ ಗೂಡಿಗೆ ಓಡಿದರು. ಅಲ್ಲಿ ಕುಂಕುಮದ ದುಂಡನೆಯ ಗುರುತು ಮಾತ್ರ ಇತ್ತು.

"ಅವ್ವ, ಇಲ್ಲಿದ್ದ ರಿಂಗು?"

"ಮುನಿಯಪ್ಪನ ಹತ್ರ ಹೋಯ್ತು," ಎಂದರು ಅಜ್ಜಿ. "ಅಮಾಸೆಗೆ ಪೂಜಾರಿ ಲಾರೀಲಿ ಹೋಗಿ ಹಾಕ್ಬಂದೆ. ಮೊದಲ್ನೇದು ಅಲ್ವಾ? ನೀ ಮರ್ತೆ, ನಾ ಮರೀಲಿಲ್ಲ."

"ಅದು ಪಟ್ಟಾಳದ್ದು ಅವ್ವ!"

"ಗೊತ್ತು. ಅದಕ್ಕೇ ದೊಡ್ಡ ನಿಂಬೆಹಣ್ಣು ಚುಚ್ಚಿದೆ."

ಈ ಆರ್ಡರು ಬೇರೆ, ಇದರ ಪೀಸನ್ನು ಯಾರಿಗೂ ಕೊಡುವಂತಿಲ್ಲ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಮಾತಾಡಬಾರದು ಎಂದು ಅಪ್ಪಣೆ ಇತ್ತಲ್ಲ. ಮಾವ ಅಲ್ಲೇ ಸ್ಟೂಲಿನ ಮೇಲೆ ಕುಸಿದರು. ಇನ್ನೊಂದು ರಿಂಗು ಕಡೆದು ಅದೇ ನಂಬರು ಕೊರೆದರಾಯಿತು ಎಂದ ನನ್ನ ಗಂಡ. "ಲೋಹದ ತೂಕಕ್ಕೆ ಏನು ಮಾಡ್ತೀಯ?" ಎಂದೆ ನಾನು. "ದೇಶಕ್ಕೆ ಮೋಸವಾ?" ಎಂದು ಮಾವ ಕೂಗಿದ ಕೂಗಿಗೆ ಲೇತ್‌ನವರೆಲ್ಲ ಯಂತ್ರ ನಿಲ್ಲಿಸಿದರು. ಮಾವನವರಿಗೆ ಅಷ್ಟು ವರ್ಷ ಕಾದು ಸಿಕ್ಕಿದ್ದು ಕೈಜಾರುತ್ತಿತ್ತು, ಅದೂ ಬೇವಿನ ಮರದ ಕೆಳಗೆ.

ಎಲ್ಲರೂ ಕಾರು ಹತ್ತಿ ಅವಿನಾಶಿ ರಸ್ತೆ ಹಿಡಿದೆವು. ದಾರಿಯಲ್ಲೇ ಫೋನ್ ಮಾಡಿದ್ದರಿಂದ ಪೂಜಾರಿ ಲಾರಿ ನಿಲ್ಲಿಸಿ ಹೊಲದಲ್ಲೇ ಕಾಯುತ್ತಿದ್ದ. ಈಟಿಯ ಮೇಲೆ, ಎಲ್ಲಕ್ಕಿಂತ ಮೇಲೆ, ನಮ್ಮ ರಿಂಗು ಬಿಸಿಲಿಗೆ ಮಿನುಗುತ್ತಿತ್ತು. ಅದರ ಮೇಲೆ ಒಣಗಿದ ನಿಂಬೆಹಣ್ಣು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. "ತೆಗೆದುಬಿಡಲಾ?" ಎಂದ ನನ್ನ ಗಂಡ. ಕುದುರೆಗೆ ಬಣ್ಣ ಯಾಕೆ ಎಂದು ವರ್ಷವರ್ಷವೂ ಗುಡುಗುತ್ತಿದ್ದ ಮಾವ ಮಗನ ಕೈ ಹಿಡಿದು ಹಿಂದಕ್ಕೆಳೆದರು. "ಮುಟ್ಬೇಡ. ಕೇಳ್ಬೇಕು."

ಕೇಳುವುದು ಎಂದರೆ ಹೂವಿನಲ್ಲಿ. ಒಂದು ಎಲೆಯಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು ಕಣಗಿಲೆ ಕಟ್ಟಿ, ಪೊಟ್ಟಣಗಳನ್ನು ಅದಲುಬದಲು ಮಾಡಿ, ದೇವರ ಮುಂದೆ ಹಾಕುತ್ತಾರೆ. ಕೇಳಬೇಕಾದ್ದನ್ನು ಕೇಳಿದ ಮೇಲೆ ಒಂದನ್ನು ಎತ್ತಬೇಕು. ಬಿಳಿ ಬಂದರೆ ಒಪ್ಪಿಗೆ, ಕೆಂಪು ಬಂದರೆ ಇಲ್ಲ. ಮೂರು ಸಲ ಕೇಳಬಹುದು. ಮೂರೂ ಕೆಂಪಾದರೆ ಮುಂದಿನ ಅಮಾವಾಸ್ಯೆ. ಎತ್ತುವ ಕೆಲಸ ನನ್ನ ತಲೆಗೆ ಬಂತು. ಬೇರೆ ಊರಿನಿಂದ ಬಂದವಳು, ಯಾವ ಪಕ್ಷವೂ ಇಲ್ಲ ಎಂದು ಪೂಜಾರಿ ಹೇಳಿದ. ಮನೆಯ ಜಿಎಸ್‌ಟಿ ನನ್ನ ತಲೆಗೆ ಬಂದದ್ದೂ ಹೀಗೆಯೇ.

ಮೊದಲು ಮಾವ ಕೇಳಿದರು. ಎದೆ ಉಬ್ಬಿಸಿ, ಕೈ ಮುಗಿದು, ಟಿವಿಯವರ ಭಾಷೆಯಲ್ಲಿ: "ಸಾಮಿ, ಇದು ನಮ್ದಲ್ಲ, ದೇಶದ್ದು. ದೇಶ ಇದ್ರೆ ನಾವು, ನಾವಿದ್ರೆ ನೀನು. ವಾಪಸ್ ಕೊಡ್ಬೇಕು."

ಎತ್ತಿದೆ. ಕೆಂಪು.

"ನಾವಿದ್ರೆ ನೀನು ಅಂತ ದೇವರಿಗೆ ಹೇಳ್ತಾರಾ ಅಣ್ಣಾ?" ಎಂದ ಪೂಜಾರಿ ಮೆಲ್ಲಗೆ.

ಎರಡನೆಯ ಸಲ ಮಾವ ದನಿ ತಗ್ಗಿಸಿದರು. ಮುಂದಿನ ವರ್ಷ ಕುದುರೆಯ ಬಣ್ಣದ ಖರ್ಚೆಲ್ಲ ತಮ್ಮದು. ಸುಣ್ಣವೂ ತಮ್ಮದೇ. ಲೆಕ್ಕ ಕೇಳುವುದಿಲ್ಲ. ಪೂಜಾರಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಎತ್ತಿದೆ. ಮತ್ತೆ ಕೆಂಪು. ಪೂಜಾರಿಗೆ ನಮ್ಮೆಲ್ಲರಿಗಿಂತ ಹೆಚ್ಚು ಬೇಸರವಾಯಿತು. ನನಗೆ ನನ್ನ ಬೆರಳುಗಳ ಮೇಲೇ ಸಿಟ್ಟು ಬಂತು. ಮಾವ ನನ್ನನ್ನು ನೋಡಿದ ನೋಟದಲ್ಲಿ, ದಾವಣಗೆರೆಯಲ್ಲಿ ಹೆಣ್ಣು ನೋಡಬಾರದಿತ್ತು ಎಂಬ ಭಾವ ಸ್ಪಷ್ಟವಾಗಿತ್ತು.

ಉಳಿದದ್ದು ಒಂದೇ ಸಲ. ಮಾವ ಹಿಂದಕ್ಕೆ ಸರಿದರು. ಆಗ ಅಷ್ಟೂ ಹೊತ್ತು ಕುದುರೆಯ ನೆರಳಿನಲ್ಲಿ ಕೂತಿದ್ದ ಅಜ್ಜಿ, "ಅಮ್ಮಿಣಿ, ಕೈ ಕೊಡು" ಎಂದು ಮಗಳನ್ನು ಕರೆಯುವ ಹಾಗೆ ಕರೆದು ನನ್ನನ್ನು ಹಿಡಿದು ಎದ್ದರು. ದೇವರ ಮುಂದೆ ನಿಂತು, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದರು.

"ಮುನಿಯಪ್ಪಾ, ಇವನು ಪಟ್ಟಾಳಕ್ಕೆ ಹೊರಟಾಗ ಕಳಿಸ್ಬೇಡ ಅಂತ ನಿಂಗೆ ಕೋಳಿ ಕೊಯ್ಸ್ದೆ. ನೀ ಕಳಿಸ್ಲಿಲ್ಲ. ಬೇರೆ ತಾಯಂದಿರ ಮಕ್ಳು ಹೋದ್ರು, ನನ್ನ ಮಗ ಮನೇಲಿ ಉಳ್ಕೊಂಡ. ಆ ಬಾಕಿ ನನ್ನ ತಲೆ ಮೇಲೈತೆ. ಇವನ ಬದ್ಲಿಗೆ ಈ ಬಳೆ ಹೋಗ್ಲಿ, ಬುಡು."

ಮಾವ ತಾಯಿಯ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಒಂದು ಎಲೆ ಎತ್ತಿ ಪೂಜಾರಿಯ ಕೈಗೆ ಕೊಟ್ಟೆ. ಆತ ಬಿಚ್ಚಿದ. ಬಿಳಿ.

ರಿಂಗನ್ನು ಪೂಜಾರಿಯೇ ತೆಗೆದುಕೊಟ್ಟ. ಮಾವ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡರು. ಇಡೀ ದಾರಿ ಆ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.

ಮಾರನೆಯ ದಿನ ಪರೀಕ್ಷಕರು ಬಂದರು. ಮಿತಭಾಷಿ, ಸಣ್ಣ ವಯಸ್ಸಿನವರು. ಎಣಿಸಿದರು, ತೂಗಿದರು, ತಾವೇ ತಂದ ಉಪಕರಣದಲ್ಲಿ ಅಳೆದರು. ಬೇರೆಯವರ ಉಪಕರಣ ಎಂದು ಮಾವ ಒಂದು ಸಲವೂ ಗೊಣಗಲಿಲ್ಲ; ಅದೇ ನನಗೆ ಗಾಬರಿ ಹುಟ್ಟಿಸಿತು. ಮೊದಲನೆಯ ರಿಂಗನ್ನು ಮೂಗಿನ ಹತ್ತಿರ ಹಿಡಿದು, "ನಿಂಬೆಹಣ್ಣಿನ ವಾಸನೆ ಬರುತ್ತಿದೆಯಲ್ಲ?" ಎಂದು ಕೇಳಿದರು. "ಪಾತ್ರೆ ಸೋಪು ಸಾರ್" ಎಂದುಬಿಟ್ಟೆ ನಾನು. ಎಲ್ಲ ಸರಿಯಾಗಿದೆ ಎಂದು ಪೆಟ್ಟಿಗೆಗೆ ಸೀಲು ಹಾಕಿ ಒಯ್ದರು. ಲೇತ್‌ನವರು ಚಪ್ಪಾಳೆ ತಟ್ಟಿದರು. ಮಾವ ಸುಮ್ಮನೆ ತಲೆಯಾಡಿಸಿ ಒಳಗೆ ಬಂದರು.

ಸಂಜೆ ಅಜ್ಜಿ ಹಿಂದಿನ ಜಗಲಿಯಲ್ಲಿ ಎಲೆ ಅಡಿಕೆಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಮಾವ ಬಂದು ಪಕ್ಕದಲ್ಲಿ ಕೂತರು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ.

"ನಿಜವಾಗ್ಲೂ ಬೇಡ್ಕೊಂಡ್ಯಾ ಅವ್ವ, ನಂಗೆ ಸಿಗ್ಬಾರ್ದು ಅಂತ?"

"ಆಮಾ, ಹೌದು."

"ಇಷ್ಟು ವರ್ಷ ನಾ ಆ ಟೇಪನ್ನ ಬೈದ್ನಲ್ಲ."

"ಬೈದ್ರೆ ಬೈಯಿ. ಟೇಪಿಗೆ ಏನು ನೋವಾ?"

ಮಾವನಿಗೆ ಸಿಟ್ಟು ಬಂದಿತ್ತೋ ಅವಮಾನವಾಗಿತ್ತೋ ನನಗೆ ತಿಳಿಯಲಿಲ್ಲ. ಕೊನೆಗೆ ಕೇಳಿದ್ದು ಇದನ್ನು: "ಒಂದು ಕೋಳಿಗೆ ಒಪ್ಬುಟ್ನಾ ಅವನು?"

"ಹುಂಜ ಇದ್ದಿದ್ರೆ ಹುಂಜ ಕೊಡ್ತಿದ್ದೆ. ಇದ್ದದ್ದು ಆ ಕರಿ ಕೋಳಿ ಒಂದೇ."

ಮಾವ ನೆಟ್ಟಗೆ ಕೂತರು. "ಮೊಟ್ಟೆ ಇಕ್ತಿದ್ದ ಕರಿ ಕೋಳಿ? ಅದನ್ನ ಕೀರಿ ಹೊತ್ಕೊಂಡು ಹೋಯ್ತು ಅಂದ್ಯಲ್ಲ!" ಮುಂಗುಸಿಗೆ ಇಲ್ಲಿ ಕೀರಿ ಎನ್ನುತ್ತಾರೆ.

"ಇನ್ನೇನಂತ ಹೇಳ್ಳಿ ನಿಮ್ಮಪ್ಪನ ಹತ್ರ? ಮನೇಗೆ ಉಪ್ಪು, ಎಣ್ಣೆ ಬರ್ತಿದ್ದದ್ದೇ ಆ ಮೊಟ್ಟೇಲಿ. ಕಾವಲ್ ಖರ್ಚನ್ನ ಎಲ್ಲಾರ್ಗೂ ಹೇಳಕ್ಕಾಗ್ತದಾ?"

"ನಾ ಆ ಕೀರಿ ಹಿಡೀತೀನಿ ಅಂತ ದೊಣ್ಣೆ ಹಿಡ್ಕೊಂಡು ಹಿತ್ಲಲ್ಲಿ ರಾತ್ರಿಯೆಲ್ಲಾ ಕಾದಿದ್ನಲ್ಲ ಅವ್ವ!"

"ಕಾದೆ," ಎಂದರು ಅಜ್ಜಿ. "ನಾ ಕದದ ಸಂದೀಲಿ ನೋಡ್ದೆ. ಮಗ ಹಿತ್ಲಲ್ಲೇ ನಿಂತವ್ನೆ ಅಂತ ಹೋಗಿ ನಿಮ್ಮದಿಯಾಗಿ ಮಲ್ಗ್ದೆ."

ನಾನು ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದೆ. ಮಾವ ಅಜ್ಜಿಯ ಕೈಯಿಂದ ಎಲೆ ತೆಗೆದುಕೊಂಡು, ನಾರು ಬಿಡಿಸಿ, ಸುಣ್ಣ ಹಚ್ಚಿ ಕೊಟ್ಟರು.